ಬನ್ನಿ ಒಲ್ಲದ ಶಿವಕಾಂತಾ

ಕಾಳುಕಡಿಯ ದಲ್ಲಾಳಿ ಅಂಗಡಿಗಳಿರುವ ಆಳಂದದ ಅಡತಿ ಬಜಾರಿನಲ್ಲಿ ನಿಂತು ಶಿವಕಾಂತಾಳ ಮನೆ ಎಲ್ಲಿ ಎಂದು ಕೇಳಿದರೆ ಜನ ಮೊದಲು ಮರುಪ್ರಶ್ನೆ ಹಾಕುತ್ತಾರೆ. ‘ಯಾವ ಶಿವಕಾಂತಾ? ಬನ್ನಿ ಒಲ್ಲದಾಕಿ ಏನ್ರಿ?’ ಹೌದೆಂದರೆ ಬೆರಳು ಮಾಡಿ ತೋರಿಸುತ್ತಾರೆ, ಜೊತೆಗೆ ಹುಷಾರಾಗಿರಿ ಎಂಬಂತೆ ಹುಬ್ಬನ್ನೂ ಏರಿಸುತ್ತಾರೆ. ದಸರೆಯ ಸಂಜೆ ಬಾಗಿಲಿಗೆ ಬಂದವರು ಬನ್ನಿ ಎಲೆ ಕೊಟ್ಟರೆ ಈ ಸೀಮೆಯಲ್ಲಿ ವೈರಿಯೂ ಕೈಯೊಡ್ಡುತ್ತಾನೆ. ಎಲೆ ಕೈ ಬದಲಾಯಿತೆಂದರೆ ಹಳೆಯ ಜಗಳವನ್ನು ಮತ್ತೆ ಎತ್ತುವಂತಿಲ್ಲ, ಅದು ಕಟ್ಟು. ೧೯೯೭ರ ದಸರೆಯಲ್ಲಿ ಶಿವಕಾಂತಾ ಕೈಯೊಡ್ಡಲಿಲ್ಲ. ಸೊಕ್ಕಿನ ಹೆಂಗಸು ಎಂದು ಊರು ತೀರ್ಪು ಕೊಟ್ಟಿತು. ಸೊಕ್ಕು ಇತ್ತು, ಸುಳ್ಳಲ್ಲ. ಆದರೆ ಅಷ್ಟೇ ಇರಲಿಲ್ಲ.

ಅವಳು ಹುಟ್ಟಿದ್ದು ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ, ಭೀಮೆಯ ದಂಡೆಯ ಮೇಲೆ. ತಂದೆ ಚಂದ್ರಾಮಪ್ಪ ಹೊಲಮನೆ ಇದ್ದ ಕುಳ, ಮಾತಿಗೊಮ್ಮೆ ಮಠದ ಅಪ್ಪಗಳ ಹೆಸರು ತೆಗೆಯುವವನು. ಸಿಟ್ಟು ಮಗಳಿಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಇತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳು ಹಳೆಯ ಸೀರೆಗಳನ್ನು ಕೂಡಿಸಿ ಒಂದು ಕೌದಿ ಹೊಲಿದಿದ್ದಳು. ಸೋದರತ್ತೆಯೊಬ್ಬಳು ತನ್ನ ಮಗಳನ್ನು ನೋಡಲು ಬೀಗರು ಬಂದಾಗ ಆ ಕೌದಿಯನ್ನು ಹಾಸಿ, ಇದು ನಮ್ಮ ಹುಡುಗಿಯ ಕೈಗೆಲಸ ಎಂದು ಹೊಗಳಿದಳು. ಶಿವಕಾಂತಾ ಒಳಗೆ ಹೋಗಿ ಕತ್ತರಿ ತಂದು, ಬೀಗರ ಮುಂದೆಯೇ ಕುಳಿತು, ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಆ ಸಂಬಂಧ ಮುರಿದುಬಿತ್ತು. ತಾಯಿ ಗೌರಾಬಾಯಿ ಮಗಳಿಗೆ ಎರಡು ಬಿಗಿದಳು, ಅತ್ತೆ ಸಾಯುವವರೆಗೂ ಮಾತಾಡಲಿಲ್ಲ. ಶಿವಕಾಂತಾಳಿಗೆ ಇದರಿಂದ ಪಶ್ಚಾತ್ತಾಪವೇನೂ ಆಗಲಿಲ್ಲ.

ಗುಲ್ಬರ್ಗಾದಲ್ಲಿ ಎಂಜಿನಿಯರಿಂಗ್ ಓದಿ, ಆಳಂದದ ಅಡತಿ ವ್ಯಾಪಾರಿ ದೌಲತರಾಯನನ್ನು ಮದುವೆಯಾಗಿ ಬಂದಳು. ದೌಲತರಾಯ ಒಳ್ಳೆಯವನು, ಅಂದರೆ ಜಗಳಕ್ಕೆ ಹೆದರುವವನು. ತೊಗರಿ ಚೀಲ ಒಟ್ಟುವ ಅಂಗಡಿಯ ಮೇಲಿನ ಕೋಣೆಯನ್ನು ಹೆಂಡತಿಗೆ ಬಿಟ್ಟುಕೊಟ್ಟ. ಅಲ್ಲಿ ಅವಳು ಕಂಪ್ಯೂಟರ್ ಕಲಿಸುವ ಶಾಲೆ ತೆರೆದಳು. ಕೆಳಗಿನ ತೊಗರಿಯ ಧೂಳು ಮೇಲಿನ ಕೀಲಿಮಣೆಗಳ ಸಂದಿಗೆಲ್ಲ ತುಂಬುತ್ತಿತ್ತು. ಅವಳು ಬೆಳಿಗ್ಗೆ ಧೂಳನ್ನು ಬೈಯುತ್ತಿದ್ದಳು, ಮಧ್ಯಾಹ್ನ ವಿದ್ಯಾರ್ಥಿಗಳನ್ನು, ಕರೆಂಟು ಹೋದಾಗ ಸರಕಾರವನ್ನು.

ಅವಳ ನಿಜವಾದ ಕೆಲಸ ಬೇರೆಯೇ ಇತ್ತು. ಅವಳೂ ಇನ್ನಿಬ್ಬರೂ ಸೇರಿ ಒಂದು ಡಿಬಗರ್ ಕಟ್ಟುತ್ತಿದ್ದರು. ಡಿಬಗರ್ ಎಂದರೆ ಪ್ರೋಗ್ರಾಮಿನ ತಪ್ಪು ಹಿಡಿಯುವ ಪ್ರೋಗ್ರಾಮು. ಓಡುತ್ತಿರುವ ಪ್ರೋಗ್ರಾಮನ್ನು ಹೇಳಿದ ಜಾಗದಲ್ಲಿ ತಡೆದು ನಿಲ್ಲಿಸಿ, ತಪಾಸಣೆ ನಾಕೆಯ ಪೊಲೀಸಿನವನಂತೆ ಅದರ ಜೇಬು ತಡಕಿ, ಒಳಗೇನಿದೆ ಎಂದು ತೋರಿಸುವುದು ಅದರ ಕೆಲಸ. ಅದನ್ನು ಮಾರುವ ವಿಚಾರವಿರಲಿಲ್ಲ. ಬರೆದದ್ದನ್ನೆಲ್ಲ ಜಗತ್ತಿಗೆ ತೆರೆದಿಡುವುದು, ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂಬುದು ಕರಾರು. ಈಗ ಅದಕ್ಕೆ ಓಪನ್ ಸೋರ್ಸ್ ಎನ್ನುತ್ತಾರೆ. ಆಗ ಆ ಹೆಸರು ಇನ್ನೂ ಹುಟ್ಟಿರಲಿಲ್ಲ. ದೌಲತರಾಯ ಅದನ್ನು ಪುಕ್ಕಟೆ ಧಂದೆ ಎನ್ನುತ್ತಿದ್ದ.

ಈ ಹುಚ್ಚು ಹಿಡಿಸಿದವರು ಗುಲ್ಬರ್ಗಾದ ಬೀರಲಿಂಗಪ್ಪ ಸರ್. ಮೂವರಿಗೂ ಪಾಠ ಹೇಳಿದವರು, ಕಾಲೇಜಿನಲ್ಲಿ ಇ-ಮೇಲ್ ಇದ್ದದ್ದು ಅವರ ಕೈಯಲ್ಲೇ. ಬರೆಯುವುದು, ಪರೀಕ್ಷಿಸುವುದು ಆಳಂದದಲ್ಲಿ ಶಿವಕಾಂತಾಳ ಪಾಲು. ಎಲ್ಲವನ್ನೂ ಜೋಡಿಸಿ ಓಡುವಂತೆ ಕಟ್ಟುವುದು ಜೇವರ್ಗಿಯ ಲಾಡ್ಲೆಸಾಬನ ಪಾಲು. ಅವನಿಗೆ ಅಲ್ಲಿ ಟಿ.ವಿ. ದುರಸ್ತಿಯ ಅಂಗಡಿಯಿತ್ತು, ಒಳ್ಳೆಯ ಯಂತ್ರವಿದ್ದದ್ದೂ ಅವನಲ್ಲೇ. ಬರೆದದ್ದನ್ನು ಒಪ್ಪವಾಗಿ, ಅಂಚು ಸಮಮಾಡಿ, ಓದಲು ಬರುವಂತೆ ಇಡುವುದು ಅಫಜಲಪುರದ ಹಣಮಂತ್ರಾಯನದು. ಅವನ ಅಪ್ಪ ಟೈಪಿಂಗ್ ಶಾಲೆ ನಡೆಸಿದವನು. ಸಾಲಿನ ಅಂಚು ಬಂತೆಂದು ಟೈಪ್‌ರೈಟರ್ ಬಾರಿಸುವ ಗಂಟೆಯ ಸದ್ದು ಕೇಳುತ್ತಲೇ ಬೆಳೆದ ಮಗನಿಗೆ ಒಂದು ಸಾಲು ವಾರೆಯಾದರೂ ಅದನ್ನು ಸರಿಪಡಿಸದೆ ನಿದ್ದೆಯಿಲ್ಲ. ಮೂರು ಊರುಗಳ ನಡುವೆ ಫ್ಲಾಪಿಗಳು ರೊಟ್ಟಿ ಬುತ್ತಿಯ ಗಂಟಿನಲ್ಲಿ, ಕೆಂಪು ಬಸ್ಸಿನ ಕಂಡಕ್ಟರರ ಕೈಯಲ್ಲಿ ಓಡಾಡುತ್ತಿದ್ದವು. ಫ್ಲಾಪಿಗೆ ಶೇಂಗಾ ಚಟ್ನಿ ಅಂಟಿದ್ದೂ ಉಂಟು.

ಮೂವರಲ್ಲಿ ಪ್ರೀತಿಯೇನೂ ಇರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸಂಸಾರ. ಶಿವಕಾಂತಾ ಬರೆದದ್ದು ಕೆಲಸ ಮಾಡುತ್ತಿತ್ತು, ಆದರೆ ನೋಡಲು ಹೊಲಸು. ಇದ್ದಲ್ಲಿ ಸಾಲು, ಬಿದ್ದಲ್ಲಿ ಆವರಣ. ಹಣಮಂತ್ರಾಯ ಅದನ್ನು ಕೋಳಿ ಕೆದರಿದ ತಿಪ್ಪೆ ಎನ್ನುತ್ತಿದ್ದ. ಅವನು ಸ್ವಂತವಾಗಿ ಏನಾದರೂ ಬರೆದು ಕಳಿಸಿದರೆ ಅವಳು ಅದನ್ನು ಪರೀಕ್ಷೆಗೆ ಹಾಕಿ, ಮುರಿದು, ಮುರಿದ ಸುದ್ದಿಯನ್ನು ಕಂಡಕ್ಟರನ ಬಾಯಲ್ಲೇ ಹೇಳಿ ಕಳಿಸುತ್ತಿದ್ದಳು. ಹೀಗೆ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಅವನ ಮರ್ಯಾದೆ ಆಗಾಗ ಹರಾಜಾಗುತ್ತಿತ್ತು. ಅವನಿಗೆ ಅವಳ ಮೇಲೆ ಕೋಪವಿದ್ದದ್ದು ತಪ್ಪೇನಲ್ಲ.

ಮಳೆಗಾಲದ ಕೊನೆಗೆ ಕೆಲಸ ಮುಗಿಯುತ್ತ ಬಂತು. ಬೀರಲಿಂಗಪ್ಪ ಸರ್ ಒಂದು ಮಾತು ಹೇಳಿದರು: ದಸರೆಯ ನಂತರ ಇದನ್ನು ಹೊರಗೆ ಬಿಡೋಣ, ಆದರೆ ಹೊರಗಿನವರಿಗೆ ಒಬ್ಬರ ಹೆಸರು ಬೇಕು. ಇದರ ಕರ್ತೃ ಯಾರು, ಮುಂದೆ ಇದನ್ನು ನೋಡಿಕೊಳ್ಳುವವರು ಯಾರು, ಆ ಒಂದು ಹೆಸರು. ಹೆಚ್ಚು ಸಾಲು ಬರೆದವರದನ್ನೇ ಕೊಡೋಣ.

ಶಿವಕಾಂತಾ ಆ ಹೆಸರು ತನ್ನದೆಂದೇ ತಿಳಿದಿದ್ದಳು. ಅವಳ ತಂದೆ ಚಂದ್ರಾಮಪ್ಪ ಮಣ್ಣೂರಿನಲ್ಲಿ ಕೇಳಿದವರಿಗೆಲ್ಲ, ನಮ್ಮ ಹುಡುಗಿ ಅಫಜಲಪುರದ ಹಣಮಂತ್ರಾಯ ಹೇಳಿದ್ದನ್ನು ಟೈಪ್ ಮಾಡಿಕೊಡ್ತಾಳ ಎನ್ನುತ್ತಿದ್ದ. ಕೇಡು ಬಯಸಿ ಹೇಳಿದ್ದಲ್ಲ. ಹೆಣ್ಣುಮಗಳು ಇನ್ನೇನು ಮಾಡಿಯಾಳು ಎಂದು ಅವನು ಸಹಜವಾಗಿ ತಿಳಿದಿದ್ದ. ಅದು ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ತನ್ನ ಹೆಸರು ಹೊರಬೀಳಬೇಕು, ಅಪ್ಪ ಅದನ್ನು ಯಾರ ಬಾಯಿಂದಲಾದರೂ ಕೇಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅದೇ ಹೊತ್ತಿಗೆ ಅವಳು ಜೇವರ್ಗಿಗೆ ಹೋದಳು. ಲಾಡ್ಲೆಸಾಬನ ಯಂತ್ರದಲ್ಲಿ ಯಾವ ಸಾಲನ್ನು ಕೊನೆಗೆ ಯಾರು ಮುಟ್ಟಿದರೋ ಅವರ ಹೆಸರು ಆ ಸಾಲಿನ ಪಕ್ಕದಲ್ಲಿ ಕಾಣುವ ವ್ಯವಸ್ಥೆಯಿತ್ತು. ಅವನು ಪರದೆಯ ಮೇಲೆ ತೆಗೆದು ತೋರಿಸಿದ. ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು.

‘ಲಾಡ್ಲೆಸಾಬ, ನಾ ಬರದದ್ದು ಎಲ್ಲಿ ಹೋತು?’

‘ಇಲ್ಲೇ ಅದಾವ್ರಿ ಅಕ್ಕಾರ. ಸಾಲು ನಿಮ್ಮವ. ಹೆಸರು ಬದಲಾಗ್ಯಾವ.’ ಅವನು ಬೆಸುಗೆ ಕಡ್ಡಿಯನ್ನು ಒರೆಸುತ್ತ ಅವಳ ಮುಖ ನೋಡದೆ ಹೇಳಿದ. ‘ಹಣಮಂತ್ರಾಯ ಎಲ್ಲಾ ಸಾಲಿನ ಅಂಚು ಸರಿಸ್ಯಾರ. ಎರಡು ಅಕ್ಷರದ ಜಾಗ ಸರಿಸಿದ್ರೂ ಮುಟ್ಟಿದಂಗೇ. ಮಷೀನಿಗೇನ್ ತಿಳೀತದ್ರಿ.’

‘ಹಳೇದು ತಗಿ.’

‘ಡಿಸ್ಕ್ ಸಣ್ಣದದರಿ. ಹೊಸಾದು ಬಂದಮ್ಯಾಲ ಹಳೇದು ಅಳಿಸೇನಿ.’

ಆಳಂದದಲ್ಲೂ ಹಳೆಯದು ಉಳಿದಿರಲಿಲ್ಲ. ಇದ್ದ ಫ್ಲಾಪಿಗಳನ್ನೇ ಅಳಿಸಿ ಅಳಿಸಿ ಬಳಸುತ್ತಿದ್ದರು. ಅವಳು ಕುದಿಯುತ್ತ ನಿಂತಿದ್ದಾಗ ಹಣಮಂತ್ರಾಯನೇ ಬುತ್ತಿಗಂಟು ಹಿಡಿದು ಅಂಗಡಿಗೆ ಬಂದ. ಬಿಳಿ ಅಂಗಿ, ಇಸ್ತ್ರಿಯ ಗೆರೆ, ಜೇಬಿನಲ್ಲಿ ಸಮನಾಗಿ ಸಿಕ್ಕಿಸಿದ ಪೆನ್ನುಗಳು.

‘ಏನ್ ಲೇ, ಎಲ್ಲಾ ನಿಂದ ಮಾಡ್ಕೊಂಡಿ?’

‘ಸಾಫ್ ಮಾಡೇನ್ರಿ ಅಕ್ಕಾರ.’

‘ಕಸ ಹೊಡದವರಿಗಿ ಮನಿ ಬರಕೊಡ್ತಾರೇನು?’

ಹಣಮಂತ್ರಾಯ ನಕ್ಕ. ಅವನ ನಗು ಯಾವಾಗಲೂ ಮೆತ್ತಗೆ, ಜಾರುವಂತೆ. ‘ಅಂದೋಲಾ ಮಠದಾಗ ದಾಸೋಹಕ್ಕ ಜ್ವಾಳ ಕೊಟ್ಟವರು ರೊಟ್ಟಿ ಮ್ಯಾಲ ಹೆಸರು ಬರಸ್ತಾರೇನ್ರಿ? ಪುಕ್ಕಟ ಹಂಚೋ ಮಾಲಿಗಿ ನಂದು ನಿಂದು ಅಂತ ತಕರಾರು ಯಾಕ? ಬಸವಣ್ಣನ ಒಕ್ಕಲು ನಾವು.’

‘ಹಂಗಿದ್ರ ನಿನ್ನ ಹೆಸರು ಯಾಕ ಬೇಕಾತು?’

‘ನಾ ಕೇಳಿಲ್ರಿ. ಮಷೀನ್ ಕೊಟ್ಟದ.’

ಅವಳು ಲಾಡ್ಲೆಸಾಬನ ಕಡೆ ತಿರುಗಿದಳು. ‘ನಿನಗ ಗೊತ್ತದ. ಸರ್‌ಗ ಹೇಳು.’

‘ನಾ ನಡುವ ಬರಂಗಿಲ್ರಿ,’ ಎಂದು ಅವನು ಬಿಚ್ಚಿದ ಟಿ.ವಿ.ಯ ಬೆನ್ನಿನೊಳಗೆ ತಲೆ ತೂರಿಸಿದ. ಕೆಟ್ಟವನಲ್ಲ ಲಾಡ್ಲೆಸಾಬ. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಂದ ಜಗತ್ತಿಗೆ ಆದ ಕೇಡು ಕೆಟ್ಟವರಿಂದ ಆದದ್ದಕ್ಕಿಂತ ಕಡಿಮೆಯೇನಲ್ಲ.

ಅವಳು ಗುಲ್ಬರ್ಗಾಕ್ಕೂ ಹೋಗಿ ಬೀರಲಿಂಗಪ್ಪ ಸರ್ ಮುಂದೆ ಹೇಳಿದಳು. ಸರ್ ಕನ್ನಡಕ ತೆಗೆದು, ‘ಪುರಾವೆ ಏನದ, ಶಿವಕಾಂತಾ?’ ಎಂದರು. ಕೆಲಸವನ್ನು ಮೂವರೂ ತಮ್ಮತಮ್ಮಲ್ಲೇ ಹಂಚಿಕೊಂಡಿದ್ದರು, ಸರ್ ಕಣ್ಣಾರೆ ಕಂಡದ್ದು ಒಪ್ಪವಾದ ಪುಟಗಳನ್ನು ತಂದುಕೊಡುತ್ತಿದ್ದ ಹಣಮಂತ್ರಾಯನನ್ನು. ಅವಳ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅವಳ ಸಿಟ್ಟು ಮಾತ್ರ. ಬಾಯಿಬಡುಕಿಯ ಮಾತು ಖರೆಯಿದ್ದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವಳಿಗೆ ಆ ದಿನ ತಿಳಿಯಿತು. ತಿಳಿದು ಬಾಯಿ ಮೆತ್ತಗಾಯಿತೇ ಎಂದರೆ ಇಲ್ಲ.

ಮನೆಗೆ ಬಂದವಳು ಡಿಬಗರನ್ನು ಪರೀಕ್ಷೆಗೆ ಹಾಕಿದಳು. ಹಠ ಹಿಡಿದು ಕುಳಿತಳು. ಅಂಚು ಸರಿಸುವ ಭರದಲ್ಲಿ ಹಣಮಂತ್ರಾಯ ಎಲ್ಲಾದರೂ ಏನಾದರೂ ಕೆಡಿಸಿರಲೇಬೇಕು, ಅದನ್ನು ಹಿಡಿದು ಅವನ ಮುಖಕ್ಕೆ ಎಸೆಯಬೇಕು. ಮಹಾನವಮಿ ಹತ್ತಿರವಾದಾಗ ಒಂದು ತಪ್ಪು ಸಿಕ್ಕಿತು. ಸಣ್ಣದಲ್ಲ, ಮಾನ ಕಳೆಯುವಂಥದು.

ಪ್ರೋಗ್ರಾಮನ್ನು ಒಂದು ಕಡೆ ನಿಲ್ಲಿಸಬೇಕಾದರೆ ಡಿಬಗರ್ ಅಲ್ಲಿದ್ದ ಮೂಲ ಆದೇಶವನ್ನು ಎತ್ತಿ ಬದಿಗಿಟ್ಟು, ಆ ಜಾಗದಲ್ಲಿ ‘ನಿಲ್ಲು’ ಎಂಬುದನ್ನು ಇಡುತ್ತದೆ. ಕೆಲಸ ಮುಗಿದ ಮೇಲೆ ಎತ್ತಿಟ್ಟದ್ದನ್ನು ತಿರುಗಿ ಇಡುತ್ತದೆ. ಬಳಸುವವರು ಮರೆತು ಒಂದೇ ಜಾಗದಲ್ಲಿ ಎರಡು ಸಲ ತಡೆ ಹಾಕಿದರೆ, ಎರಡನೆಯ ಸಲ ಅದು ಎತ್ತಿಡುವುದು ಮೂಲ ಆದೇಶವನ್ನಲ್ಲ, ಮೊದಲು ತಾನೇ ಇಟ್ಟ ‘ನಿಲ್ಲು’ವನ್ನು. ಆಮೇಲೆ ಹಾಕಿದ ಕ್ರಮದಲ್ಲೇ ಎರಡೂ ತಡೆಗಳನ್ನು ತೆಗೆದರೆ ಕೊನೆಗೆ ತಿರುಗಿ ಇಡುವುದು ಆ ‘ನಿಲ್ಲು’ವನ್ನೇ, ಅದು ಅಲ್ಲೇ ಉಳಿಯುತ್ತದೆ. ಪ್ರೋಗ್ರಾಮು ಅಲ್ಲಿಗೆ ಬಂದು ಸತ್ತುಬೀಳುತ್ತದೆ. ತಪ್ಪು ಹಿಡಿಯಲು ಬಂದವನೇ ತಪ್ಪು ಬಿತ್ತಿ ಹೋದಂತೆ.

ಶಿವಕಾಂತಾ ಚಪ್ಪಾಳೆ ತಟ್ಟಿಕೊಂಡಳು. ಆ ಸಾಲುಗಳನ್ನು ತೆಗೆದು ಓದಿದಳು. ಓದುತ್ತ ಅವಳ ಮುಖ ಇಳಿಯಿತು. ಹಣಮಂತ್ರಾಯ ಇಲ್ಲಿ ಏನನ್ನೂ ಕೆಡಿಸಿರಲಿಲ್ಲ, ಅಂಚು ಮಾತ್ರ ಸರಿಸಿದ್ದ. ಮೊದಲೇ ತಡೆ ಇದೆಯೇ ಎಂದು ನೋಡುವುದನ್ನು ಬರೆಯುವಾಗಲೇ ಮರೆತವಳು ತಾನು. ತಪ್ಪು ಅವಳದೇ.

ಕೆಳಗಿನಿಂದ ದೌಲತರಾಯ ಊಟಕ್ಕೆ ಕರೆದ. ಅವಳು ಅಲುಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕದ್ದವನ ಮನೆಯಲ್ಲಿ ತನ್ನ ಮಾಲು ಹುಡುಕಲು ಹೋದರೆ ಅದು ಮೊದಲೇ ಹುಳ ಹಿಡಿದದ್ದು. ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ತಿದ್ದಿದರೆ ಡಿಬಗರ್ ಒಳ್ಳೆಯದಾಗುತ್ತಿತ್ತು, ಹಣಮಂತ್ರಾಯನ ಹೆಸರಲ್ಲಿ ಒಳ್ಳೆಯದಾಗುತ್ತಿತ್ತು. ಸುಮ್ಮನಿದ್ದರೆ ತಪ್ಪು ಜಗತ್ತಿಗೆಲ್ಲ ಹೋಗುತ್ತಿತ್ತು, ಎಲ್ಲೋ ಯಾರೋ ಅದಕ್ಕೆ ಬಲಿಯಾಗುತ್ತಿದ್ದರು. ಎರಡೂ ಅವಳಿಗೆ ಒಗ್ಗಲಿಲ್ಲ. ಕೊನೆಗೆ ಒಂದು ವಿಚಾರ ಹೊಳೆಯಿತು, ಹೊಳೆದದ್ದೇ ಅನ್ನದ ತಟ್ಟೆಯ ಮುಂದೆ ಹೋಗಿ ಕುಳಿತಳು. ಸಾಲೆಲ್ಲ ತನ್ನವು ಎನ್ನುವವನು ಈ ಸಾಲನ್ನೂ ತನ್ನದು ಎನ್ನಲಿ. ಅನ್ನದಿದ್ದರೆ ಇದು ಯಾರದು ಎಂದು ಅವನ ಬಾಯಿಯೇ ಹೇಳಲಿ.

ವಿಜಯದಶಮಿ ಬಂತು. ಹಿಂದಿನ ದಿನ ಖಂಡೆ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ಅತ್ತೆ ಸುಭದ್ರಾಬಾಯಿ ತಕ್ಕಡಿ, ಕುಡಗೋಲುಗಳ ಜೊತೆ ಮೇಲಿನ ಯಂತ್ರಗಳಿಗೂ ವಿಭೂತಿ ಬಳಿದು ಚೆಂಡುಹೂ ಏರಿಸಿದ್ದಳು. ಇಳಿಹೊತ್ತಿಗೆ ಬೀರಲಿಂಗಪ್ಪ ಸರ್, ಹಣಮಂತ್ರಾಯ, ಲಾಡ್ಲೆಸಾಬ ಮೂವರೂ ಬಂದರು. ಒಳ್ಳೆಯ ದಿನ, ಇವತ್ತೇ ಕೊನೆಯ ಪ್ರತಿ ತೆಗೆದುಕೊಂಡು ಹೋಗೋಣ ಎಂದು ಸರ್‌ರನ್ನು ಹೊರಡಿಸಿದವನು ಹಣಮಂತ್ರಾಯ. ಮಣ್ಣೂರಿನಿಂದ ಚಂದ್ರಾಮಪ್ಪನೂ ಬಂದು ಪಡಸಾಲೆಯಲ್ಲಿ ಕುಳಿತಿದ್ದ. ಬಜಾರಿನ ನಾಲ್ಕು ಜನ ಹಿರಿಯರೂ ಇದ್ದರು.

ಹಣಮಂತ್ರಾಯ ಟವೆಲಿನ ಗಂಟು ಬಿಚ್ಚಿ ಬನ್ನಿ ತೆಗೆದ. ಎಲ್ಲರಿಗಿಂತ ಮೊದಲು ಶಿವಕಾಂತಾಳ ಮುಂದೆ ಬಂದು ನಿಂತ. ‘ಅಕ್ಕಾರ, ಬನ್ನಿ ತಗೊಂಡು ಬಂಗಾರದಂಗ ಇರೋಣ,’ ಎಂದು ಕಾಲಿಗೆ ಬಗ್ಗಿದ.

ಅವಳು ಕಾಲು ಹಿಂದೆ ತೆಗೆದುಕೊಂಡಳು. ಎಲೆ ಕೈ ಬದಲಾದರೆ ಇಂದಿಗೂ ಎಂದೆಂದಿಗೂ ತನ್ನ ಬಾಯಿಗೆ ಬೀಗ ಬಿತ್ತು ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಅದಕ್ಕೇ ಇಷ್ಟು ಜನರ ಮುಂದೆ ಬಗ್ಗಿದ್ದ.

‘ಕೈ ಚಾಚು ಬೇ,’ ಎಂದ ಚಂದ್ರಾಮಪ್ಪ. ‘ಹಬ್ಬದ ದಿನ ಮನಿಗಿ ಬಂದವರ ಬನ್ನಿ ಒಲ್ಲೆ ಅನ್ನಬಾರದು. ಬರಾಬ್ಬರ್ ಅಲ್ಲ.’

‘ಒಲ್ಲೆಪ್ಪ.’

ಸುಭದ್ರಾಬಾಯಿ ಬಾಯಿಗೆ ಸೆರಗು ಹಿಡಿದಳು. ದೌಲತರಾಯ ನೆಲ ನೋಡಿದ.

‘ಸರ್, ಮ್ಯಾಲ ಬರ್ರಿ,’ ಎಂದಳು ಶಿವಕಾಂತಾ. ‘ಮಾಲು ಒಯ್ಯೋಕಿಂತ ಮೊದಲ ಒಂದು ತಪ್ಪು ತೋರಸ್ತೇನಿ. ಎಲ್ಲಾರೂ ಬರ್ರಿ. ಅಪ್ಪ, ನೀನೂ ಬಾ.’

ವಿಭೂತಿ ಬಳಿದ ಪರದೆಯ ಮುಂದೆ ಅವಳು ಕುಳಿತಳು. ಒಂದೇ ಜಾಗದಲ್ಲಿ ಎರಡು ಸಲ ತಡೆ ಹಾಕಿದಳು, ಎರಡನ್ನೂ ತೆಗೆದಳು, ಪ್ರೋಗ್ರಾಮನ್ನು ಓಡಿಸಿದಳು. ಅದು ನಡುದಾರಿಯಲ್ಲಿ ಬಿತ್ತು. ಮತ್ತೊಮ್ಮೆ ಮಾಡಿ ತೋರಿಸಿದಳು, ಮತ್ತೆ ಬಿತ್ತು. ಬೀರಲಿಂಗಪ್ಪ ಸರ್ ಮುಖ ಕಪ್ಪಿಟ್ಟಿತು.

‘ಇದು ಹೊರಗ ಹೋಗಿದ್ರ ನಾ ಎಲ್ಲಿ ಮುಖ ಇಟ್ಕೋಬೇಕಿತ್ತು? ಇಂಥಾ ದಡ್ಡ ತಪ್ಪು. ಯಾರು ಬರದಾರ ಈ ಸಾಲು?’

ಲಾಡ್ಲೆಸಾಬ ತಾನು ತಂದಿದ್ದ, ಸಾಲಿನ ಪಕ್ಕ ಹೆಸರಿದ್ದ ಫ್ಲಾಪಿ ಹಾಕಿ, ಸಾಲು ಹುಡುಕಿ, ಪಕ್ಕದ ಹೆಸರು ಓದಿದ. ‘ಹಣಮಂತ್ರಾಯ ಅಂತ ಅದರಿ.’

ಎಲ್ಲರೂ ಅವನ ಕಡೆ ತಿರುಗಿದರು. ಬನ್ನಿ ಎಲೆಗಳು ಇನ್ನೂ ಅವನ ಕೈಯಲ್ಲೇ ಇದ್ದವು. ಅವನು ತಪ್ಪಿಲ್ಲದ ಮನುಷ್ಯ, ಹಾಗೆಂದು ಬದುಕಿದವನು. ತನ್ನದಲ್ಲದ ಹೊಗಳಿಕೆ ಅವನಿಗೆ ಹಗುರಾಗಿತ್ತು, ತನ್ನದಲ್ಲದ ತಪ್ಪು ಹೊರಲಾರದಷ್ಟು ಭಾರವಾಯಿತು.

‘ಅಲ್ರಿ ಸರ್. ನಾ ಬರದಿಲ್ರಿ ಇದು. ನಾ ಬರೇ ಅಂಚು ಸರಿ ಮಾಡೇನಿ. ಬರದಾಕಿ ಶಿವಕಾಂತಾ ಅಕ್ಕಾರು. ಲಾಡ್ಲೆಸಾಬಗ ಕೇಳ್ರಿ ಬೇಕಾದ್ರ.’

‘ಹೌದ್ರಿ,’ ಎಂದ ಲಾಡ್ಲೆಸಾಬ. ಕೇಳಿದ ಮೇಲೆ ಹೇಳಲು ಅವನಿಗೆ ಧೈರ್ಯವಿತ್ತು.

ಸರ್ ಪರದೆಯ ಹತ್ತಿರ ಬಗ್ಗಿದರು. ಅವರು ಮಂದ ಮನುಷ್ಯರಲ್ಲ, ತಡವಾಗಿ ತಿಳಿಯುವವರು. ‘ಈ ಸಾಲಿಗಿ ಬರೇ ಅಂಚು ಸರಿ ಮಾಡೀರಿ. ಮ್ಯಾಲಿಂದು?’

ಹಣಮಂತ್ರಾಯ ತಡವರಿಸಿದ. ‘ಅದೂ ಅಕ್ಕಾರದ್ರಿ.’

‘ಇದು?’

‘ಅವರದ್ರಿ.’

ಸರ್ ಪುಟ ಸರಿಸುತ್ತ ಹೋದರು, ಕೇಳುತ್ತ ಹೋದರು. ನನ್ನದು ಎಂದರೆ ವಿವರಿಸಬೇಕಿತ್ತು, ವಿವರಿಸಲು ಅವನಿಗೆ ಬರುತ್ತಿರಲಿಲ್ಲ. ಶಿವಕಾಂತಾ ಪರದೆ ನೋಡುತ್ತ ಕುಳಿತಿದ್ದಳು. ಅವತ್ತು ಕೌದಿಯ ಹೊಲಿಗೆ ಬಿಚ್ಚುವಾಗ ಇದ್ದ ಮುಖವೇ ಇವತ್ತೂ ಇತ್ತು ಎಂದು ಚಂದ್ರಾಮಪ್ಪ ಆಮೇಲೆ ಹೆಂಡತಿಗೆ ಹೇಳಿದ. ಸರ್ ನಿಲ್ಲಿಸಿದಾಗ ಹಣಮಂತ್ರಾಯನ ಪಾಲಿಗೆ ಉಳಿದದ್ದು ಅಂಚುಗಳಷ್ಟೇ.

‘ಹೆಸರು ನಿಮ್ಮದ ಹೋಗ್ತದ, ಶಿವಕಾಂತಾ,’ ಎಂದರು ಸರ್. ಸ್ವರದಲ್ಲಿ ಸಂತೋಷವಿರಲಿಲ್ಲ. ‘ಆದ್ರ ಎಲ್ಲಾ ತೆರದಿಡೋ ಕರಾರದ, ತಿದ್ದಿದ ತಪ್ಪಿನ ಸುದ್ದೀನೂ ಅದರ ಜೋಡಿ ಬರೀಬೇಕಾಗ್ತದ. ಮೊದಲನೇ ಸಲ ಜನ ನಿಮ್ಮ ಹೆಸರು ಕೇಳೋದು ಈ ದಡ್ಡತನದ ಸಂಗಾಟ.’

‘ಬರೀರಿ ಸರ್. ತಪ್ಪು ನಂದ.’ ಅವಳು ತಂದೆಯ ಕಡೆ ನೋಡಿ ಹೇಳಿದಳು. ‘ಯಾರೋ ಹೇಳಿದ್ದು ಟೈಪ್ ಮಾಡಿದವರಿಗಿ ಇಂಥಾ ತಪ್ಪು ಮಾಡಾಕ ಬರಂಗಿಲ್ಲಪ್ಪ. ಇದು ನಾನ ಬರದದ್ದು.’

ಚಂದ್ರಾಮಪ್ಪನಿಗೆ ಪರದೆಯ ಮೇಲಿನದೊಂದೂ ಅರ್ಥವಾಗಿರಲಿಲ್ಲ. ಆದರೆ ಅಫಜಲಪುರದವನ ಬಾಯಿಂದ ‘ಅಕ್ಕಾರದು, ಅಕ್ಕಾರದು’ ಎಂಬುದನ್ನು ಕಿವಿಯಾರೆ ಕೇಳಿದ್ದ. ಅವನು ರುಮಾಲು ತೆಗೆದು ಮತ್ತೆ ಸುತ್ತಿಕೊಂಡ.

ಇಳಿದು ಹೋಗುವಾಗ ಹಣಮಂತ್ರಾಯ ಮತ್ತೆ ಕೈ ಮುಂದೆ ಮಾಡಿದ. ‘ಈಗರೆ ತಗೋರಿ. ಖರೇ ಹೇಳೇನಲ್ಲ.’

‘ನೀ ಖರೇ ಹೇಳಿದ್ದು ನಿನ್ನ ಇಜ್ಜತ್ ಉಳಸ್ಕೊಳ್ಳಾಕ, ನನ್ನ ಸಲುವಾಗಿ ಅಲ್ಲ,’ ಎಂದಳು ಶಿವಕಾಂತಾ. ಲಾಡ್ಲೆಸಾಬ ಎಲೆ ಹಿಡಿದು ಹಿಂದೆಯೇ ನಿಂತಿದ್ದ. ಅವನ ಕೈಯಿಂದಲೂ ತೆಗೆದುಕೊಳ್ಳಲಿಲ್ಲ. ಸರ್ ತಾವೂ ಕೊಡಬೇಕೆಂದಿದ್ದವರು ಜೇಬಿನಿಂದ ಕೈ ತೆಗೆಯದೆ ಇಳಿದು ಹೋದರು. ಅವರೆಲ್ಲ ಹೋದ ಮೇಲೆ ಅವಳು ಒಬ್ಬಳೇ ಕುಳಿತು ಆ ಸಾಲನ್ನು ತಿದ್ದಿದಳು.

ಡಿಬಗರ್ ಹೊರಬಿತ್ತು, ಅವಳ ಹೆಸರು ಹೊತ್ತು, ಅವಳ ತಪ್ಪಿನ ಸುದ್ದಿ ಹೊತ್ತು. ಹಣಮಂತ್ರಾಯ ಮತ್ತೆ ಆಳಂದಕ್ಕೆ ಕಾಲಿಡಲಿಲ್ಲ. ಮುಂದೆ ಅವಳು ಬರೆದದ್ದೆಲ್ಲ ಹಾಗೇ ವಾರೆಸೊಟ್ಟ ಉಳಿಯಿತು, ಅದನ್ನು ಓದಿದ ಪರದೇಶದವರೂ ಗೊಣಗಿದರಂತೆ. ಬಜಾರಿನ ಹಿರಿಯರು ಅವಳ ಮನೆಗೆ ಬನ್ನಿ ಕೊಡಲು ಬರುವುದನ್ನು ನಿಲ್ಲಿಸಿದರು. ದೌಲತರಾಯ ಪ್ರತಿ ದಸರೆಗೂ ಒಬ್ಬನೇ ಮನೆಮನೆ ತಿರುಗಿ ಬರುತ್ತಾನೆ. ಗಂಡನಿಗೆ ಅದು ನೋವೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಅವಳು ಹೊಸಿಲು ದಾಟುವುದಿಲ್ಲ.

ಮನೆ ಹುಡುಕಿಕೊಂಡು ಬಂದವರು ಬಾಗಿಲಲ್ಲಿ ಅಳುಕುತ್ತ, ಬಜಾರಿನವರು ಹೇಳಿದ ಹೆಸರನ್ನು ನುಂಗಿಕೊಂಡು ನಿಲ್ಲುತ್ತಾರೆ. ಅವಳೇ ಅದನ್ನು ಮುಗಿಸಿಕೊಡುತ್ತಾಳೆ.

‘ಹೌದ್ರಿ, ಬನ್ನಿ ಒಲ್ಲದಾಕಿ ನಾನ. ಆ ಹೆಸರೂ ನಂದ, ಮತ್ತೊಬ್ಬರದಲ್ಲ. ಒಳಗ ಬರ್ರಿ.’